ಸರ್ವೇ ಸಂತು ನಿರಾಮಯಾಃ: ಸೇನಾ ವೈದ್ಯರ ಬ್ಯಾಡ್ಜಿನ ಕಥೆ

ಸೇನಾ ವೈದ್ಯಕೀಯ ದಳದ ದಿನಾಚರಣೆಯ ಈ ಸಂಚಿಕೆಗೆ ನಮ್ಮ ಬ್ಯಾಡ್ಜಿನ ಚರಿತ್ರೆ ಬರೆದುಕೊಡಬೇಕೆಂದು ಸಮಿತಿಯವರು ಕೋಲಾರ ಸೀಮೆಯ ವಕ್ಕಲೇರಿಯ ಮನೆಗೇ ಬಂದು ಕೇಳಿದರು. ಚಾಲುಕ್ಯ ದೊರೆ ಇಮ್ಮಡಿ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನದಿಂದ ಹೆಸರಾದ ಊರು ನಮ್ಮದು. ಲೋಹದ ಮೇಲಿನ ಗುರುತು ಎಷ್ಟು ಕಾಲ ಮಾತಾಡಬಲ್ಲದೆಂದು ಬಲ್ಲ ಊರಿನವನಾಗಿ ಸಂತೋಷದಿಂದ ಒಪ್ಪಿದೆ.

ಬ್ರಿಟಿಷರ ಕಾಲದಲ್ಲಿ ವೈದ್ಯ ಎಲ್ಲಿ ಓದಿದ, ಏನು ಓದಿದ ಎಂಬುದನ್ನು ಅವನ ಭುಜವೇ ಹೇಳುತ್ತಿತ್ತು. ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದವರಿಗೆ ಅಧಿಕಾರಿಯ ಪದವಿ. 1855ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆ ಗೆದ್ದು ಆ ಬಾಗಿಲು ತೆರೆದ ಮೊದಲ ಭಾರತೀಯ ಸೂರ್ಯಕುಮಾರ ಗುಡೀವ್ ಚಕ್ರವರ್ತಿ. ಮುಂದೆ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ ಕೂಡ ಅದೇ ಸೇವೆಯವರು. ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದವರು.

ಡಿಗ್ರಿಗಿಂತ ಕೆಳಗಿನ ಎಲ್‌ಎಂಪಿ ಎಂಬ ವೈದ್ಯಕೀಯ ಕೋರ್ಸ್ ಓದಿ ಸಬ್-ಅಸಿಸ್ಟೆಂಟ್ ಸರ್ಜನ್ ಆದವರ ದಾರಿಯೇ ಬೇರೆ. ಅವರಿಗೆ ಸಿಗುತ್ತಿದ್ದುದು ಜಮಾದಾರ, ಸುಬೇದಾರ ದರ್ಜೆ. ನಮ್ಮ ಸೀಮೆಯ ಹುಡುಗರಿಗೆ ಎಲ್‌ಎಂಪಿ ಹತ್ತಿರವಾದದ್ದು 1917ರಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಸ್ಕೂಲು ಶುರುವಾದಾಗ; ಡಿಗ್ರಿ ಓದು ಬಂದದ್ದು 1924ರಲ್ಲಿ, ಮೈಸೂರು ಮೆಡಿಕಲ್ ಕಾಲೇಜಿನೊಂದಿಗೆ. ಗಾಯ ಒಂದೇ, ಕಟ್ಟುವ ಬಟ್ಟೆ ಒಂದೇ, ಭುಜದ ಗುರುತು ಮಾತ್ರ ಎರಡು. ಈ ಬಗ್ಗೆ ಆಗ ಮಾತಿಗೆ ಮಾತು ಬೆಳೆದದ್ದುಂಟು. ಹಿರಿಯರೇ ಮರೆತು ಒಂದಾದ ವಿಷಯವನ್ನು ಇಲ್ಲಿ ಕೆದಕುವುದು ಬೇಡ.

1943ರ ಏಪ್ರಿಲ್ 3ರಂದು ಆ ಬೇರೆಬೇರೆ ಸೇವೆಗಳೆಲ್ಲ ಸೇರಿ ಇಂಡಿಯನ್ ಆರ್ಮಿ ಮೆಡಿಕಲ್ ಕೋರ್ ಹುಟ್ಟಿತು. ಗಣರಾಜ್ಯವಾದ ಮೇಲೆ ಹೆಸರು ಆರ್ಮಿ ಮೆಡಿಕಲ್ ಕೋರ್ ಎಂದಾಯಿತು. ದಳದ ಬ್ಯಾಡ್ಜಿನಲ್ಲಿ ಧನ್ವಂತರಿಸಮಾನನಾದ ಗ್ರೀಕ್ ವೈದ್ಯದೇವತೆಯ ಹಾವು ಸುತ್ತಿದ ದಂಡ, ಸುತ್ತ ಎಲೆಗಳ ಹಾರ, ನೆತ್ತಿಯಲ್ಲಿ ಅಶೋಕನ ಸಿಂಹಗಳು, ಜೊತೆಗೆ 'ಸರ್ವೇ ಸಂತು ನಿರಾಮಯಾಃ' ಎಂಬ ಧ್ಯೇಯವಾಕ್ಯ. ಓದಿದ ಕಾಲೇಜು ಯಾವುದೇ ಇರಲಿ, ಟೋಪಿಯ ಮೇಲೆ ಎಲ್ಲರಿಗೂ ಇದೊಂದೇ ಗುರುತು. ನಮ್ಮ ದಳದ ದೊಡ್ಡ ಗೆಲುವು ಇದೇ ಎಂದು ನಾನು ನಂಬಿದ್ದೇನೆ.

ವೈದ್ಯನ ಎದೆಗೆ ಪ್ಯಾರಾಚೂಟ್ ಪಡೆಯ ರೆಕ್ಕೆಯ ಬ್ಯಾಡ್ಜು ತಂದುಕೊಟ್ಟವರು ಸೇನಾ ವೈದ್ಯ ಎ.ಜಿ. ರಂಗರಾಜ್. 1941ರಲ್ಲಿ ಹವಾಲ್ದಾರ್ ಮೇಜರ್ ಮಥುರಾ ಸಿಂಗ್ ಜೊತೆ ಪ್ಯಾರಾಚೂಟಿನಲ್ಲಿ ಧುಮುಕಿದ ಮೊದಲ ಭಾರತೀಯ ಸೈನಿಕರಲ್ಲಿ ಅವರೊಬ್ಬರು. 1950ರಲ್ಲಿ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸನ್ನು ಕೊರಿಯಾಕ್ಕೆ ಕರೆದೊಯ್ದು ಮಹಾವೀರ ಚಕ್ರ ಪಡೆದರು.

ಪುಣೆಯ ನಮ್ಮ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜನ್ನು ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ಬಿ.ಸಿ. ರಾಯ್ ಸಮಿತಿಯ ಶಿಫಾರಸಿನ ಫಲವಾಗಿ 1948ರ ಮೇ 1ರಂದು ಆರಂಭವಾದ ಈ ಕಾಲೇಜಿನಲ್ಲಿ 1962ರ ಆಗಸ್ಟ್ 4ರಂದು ಎಂಬಿಬಿಎಸ್ ವಿಭಾಗ ತೆರೆಯಿತು. ಅಲ್ಲಿ ಓದಿ ಕಮಿಷನ್ ಪಡೆದ ದಿನ ವಿದ್ಯೆ ಮತ್ತು ಸಮವಸ್ತ್ರ ಎರಡೂ ಒಟ್ಟಿಗೆ ನನ್ನ ಪಾಲಿಗೆ ಬಂದವು. ಅಲ್ಲಿಯೇ ಓದಿದ ಪುನೀತಾ ಅರೋರಾ 2004ರಲ್ಲಿ ದೇಶದ ಮೊದಲ ಮಹಿಳಾ ಲೆಫ್ಟಿನೆಂಟ್ ಜನರಲ್ ಆದರು. 2023ರ ಡಿಸೆಂಬರ್ 1ರಂದು ಕಾಲೇಜಿಗೆ ರಾಷ್ಟ್ರಪತಿಗಳ ಧ್ವಜದ ಗೌರವವೂ ಸಂದಿತು.

1943ರಿಂದ ಈಚಿನ ದಶಕಗಳಲ್ಲಿ ಯುದ್ಧ, ಪ್ರವಾಹ, ಭೂಕಂಪ ಎಲ್ಲೆಡೆ ದಳ ತನ್ನ ಕೆಲಸ ಮಾಡಿದೆ. ಈಗ ಒಂದು ಬಿನ್ನಹ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮನೆಗಳಲ್ಲಿ ತಾತಂದಿರ ಹಳೆಯ ಬ್ಯಾಡ್ಜು, ಎಲ್‌ಎಂಪಿ ಸರ್ಟಿಫಿಕೇಟುಗಳಿದ್ದರೆ ಹಿತ್ತಾಳೆ ಪಾತ್ರೆಗಳ ಜೊತೆ ಗುಜರಿಗೆ ಹಾಕಬೇಡಿ. ಅವರ ಹೆಸರು, ದರ್ಜೆ, ಸೇವೆ ಮಾಡಿದ ಸ್ಥಳ ಬರೆದು ಸಮಿತಿಗೆ ತಲುಪಿಸಿ. ಮುಂದಿನ ಸಂಚಿಕೆಯ ಮೊದಲ ಪುಟಗಳು ಆ ಸುಬೇದಾರ ಡಾಕ್ಟರುಗಳಿಗೇ ಸಲ್ಲಬೇಕು.