ಅಜ್ಜಯ್ಯನ ಕಾರಿಗೆ ಸೀಟ್ ಬೆಲ್ಟ್

ಅಪ್ಪಯ್ಯ ತೀರಿಕೊಂಡ ಮೇಲೆ ಮನೆಯಲ್ಲಿ ಪಾಲು ಮಾಡುವಾಗ ಗದ್ದೆ, ತೆಂಗಿನ ತೋಟ, ಹಳೆ ಹಂಡೆ ಎಲ್ಲದಕ್ಕೂ ಜನ ಇದ್ದರು. ಕೊಟ್ಟಿಗೆಯ ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ 1970ರ ಅಂಬಾಸಿಡರ್ ಮಾತ್ರ ಯಾರಿಗೂ ಬೇಡ. ದೊಡ್ಡಪ್ಪ ನನ್ನ ಮುಖ ನೋಡಿ, "ಮಾಣಿ, ನೀನ್ ಇಂಜಿನಿಯರ್ ಅಲ್ದಾ, ನೀನೇ ಇಟ್ಕೋ" ಅಂದರು. ನಾನು ಬಿಇ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಬೆಂಗಳೂರಲ್ಲಿ ಕಾರಿನ ಬಾನೆಟ್ ತೆಗೆಯುವುದು ನೀರು ಹಾಕಲಿಕ್ಕೆ ಮಾತ್ರ. ಆದರೂ ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ.

ಮೊದಲು ಅಂದುಕೊಂಡದ್ದು ಸುಲಭದ ಕೆಲಸ: ಕಾರನ್ನು ಶೋರೂಮಿನಿಂದ ಬಂದ ಹಾಗೆ, 'ಒರಿಜಿನಲ್' ಮಾಡಿಬಿಡುವುದು. ಈ 'ಒರಿಜಿನಲ್' ಅನ್ನುವ ಶಬ್ದ ಎಷ್ಟು ಜಾರುವಂಥದ್ದು ಅಂತ ಗೊತ್ತಾಗಲಿಕ್ಕೆ ಎರಡು ವರ್ಷ ಹಿಡಿಯಿತು.

ಅಂಬಾಸಿಡರ್ ನಮ್ಮ ದೇಶದ ಕಾರು ಅಂತ ನಾವೆಲ್ಲ ಹೇಳ್ತೇವೆ. ಅದರ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸ್ 1942ರಲ್ಲಿ ಗುಜರಾತಿನ ಓಖಾದಲ್ಲಿ ಶುರುವಾಗಿ, ಆಮೇಲೆ ಕೋಲ್ಕತ್ತಾ ಹತ್ತಿರದ ಉತ್ತರಪಾರಾಕ್ಕೆ ಹೋಯಿತು. ಅಲ್ಲಿಂದ 1950ರ ದಶಕದ ಕೊನೆಗೆ ಹೊರಬಂದ ಅಂಬಾಸಿಡರ್ 2014ರವರೆಗೂ ತಯಾರಾಯಿತು. ಇಂಗ್ಲೆಂಡಿನವರು ನಾಲ್ಕೇ ವರ್ಷಕ್ಕೆ ಬಿಟ್ಟ ಮಾದರಿಯನ್ನು ನಾವು ಅರ್ಧ ಶತಮಾನಕ್ಕಿಂತ ಹೆಚ್ಚು ಎಳೆದೆವು. 2017ರಲ್ಲಿ ಆ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೋ ಕಂಪನಿಯ ಪಾಲಾಯಿತು. ಇಂಥ ಕಾರಿಗೆ 'ಒರಿಜಿನಲ್' ಯಾವುದು ಹೇಳಿ?

ನಮ್ಮ ಕಾರಿನ ಕಥೆ ಇನ್ನೂ ಗೋಜಲು. ಅಜ್ಜಯ್ಯ ಅದನ್ನು 1974ರಲ್ಲಿ ಘಟ್ಟದ ಮೇಲಿನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಆಗ ಹೊಸ ಕಾರಿಗೆ ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕು. ಅಜ್ಜಯ್ಯನಿಗೆ ಕಾಯುವ ತಾಳ್ಮೆ ಇಲ್ಲ, ಮಿಲ್ಲಿನ ಕೆಲಸಕ್ಕೆ ದಿನವೂ ಕುಂದಾಪುರಕ್ಕೆ ಹೋಗಬೇಕು. ಹಾಗೆ ನಾವುಂದದ ಹತ್ತಿರದ ನಮ್ಮ ಊರಿಗೆ ಮೊದಲ ಕಾರು ಬಂತು.

ಊರಿನ ಮೊದಲ ಕಾರು ಅಂದರೆ ಈಗಿನವರಿಗೆ ದೌಲತ್ತು ಅನ್ನಿಸಬಹುದು. ನಮ್ಮ ಕರಾವಳಿಯಲ್ಲಿ ಅದರ ಅರ್ಥ ಬೇರೆ. ಇಲ್ಲಿ ಪ್ರತಿ ಹತ್ತಿಪ್ಪತ್ತು ಕಿಲೋಮೀಟರಿಗೆ ಒಂದು ಹೊಳೆ ಅಡ್ಡ. ಅರಾಟೆಯಲ್ಲಿ ಸೌಪರ್ಣಿಕಾ, ಬ್ರಹ್ಮಾವರದ ಈಚೆ ಮಾಬುಕಳದಲ್ಲಿ ಸೀತಾ, ಅದು ದಾಟಿದರೆ ಕಲ್ಯಾಣಪುರದಲ್ಲಿ ಸ್ವರ್ಣಾ. ಸೇತುವೆ ಬರುವ ಮೊದಲು ಬಸ್ಸು ಹೊಳೆಯ ಈಚೆ ದಡಕ್ಕೆ ನಿಲ್ಲುವುದು, ಜನ ಗಂಟುಮೂಟೆ ಹೊತ್ತು ದೋಣಿ ದಾಟುವುದು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹತ್ತುವುದು. ಕಾರು ಇದ್ದವರು ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಮೇಲೆ ಕಾರು ಹತ್ತಿಸಬೇಕು. ಅಜ್ಜಯ್ಯ ಈ ಕಥೆ ಹೇಳುವಾಗ ಪ್ರತಿ ಸಲ ಒಂದು ಹೊಳೆ ಜಾಸ್ತಿ ಆಗುತ್ತಿತ್ತು. ಅವರ ಕಾರು ಬರುವ ಹೊತ್ತಿಗೆ ಸೇತುವೆಗಳಾಗಿದ್ದವು. ಮಣಿಪಾಲದಲ್ಲಿ 1953ರಲ್ಲೇ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾಗಿ, ದೊಡ್ಡ ಆಸ್ಪತ್ರೆಯೂ ಆಗಿತ್ತು. ಊರಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರ್. ರಾತ್ರಿ ಬಸ್ಸಿಲ್ಲ, ಆಂಬುಲೆನ್ಸ್ ಅನ್ನುವ ಶಬ್ದವೇ ಊರಿಗೆ ಬಂದಿರಲಿಲ್ಲ.

ಹಾಗಾಗಿ ಹಾವು ಕಚ್ಚಿದವರು, ತೆಂಗಿನಮರದಿಂದ ಬಿದ್ದವರು, ಹೆರಿಗೆ ನೋವು ಬಂದವರು ಎಲ್ಲ ಈ ಕಾರಿನ ಹಿಂದಿನ ಸೀಟಿನಲ್ಲೇ ಹೋದವರು. ರಾತ್ರಿ ಅಂಗಳದಲ್ಲಿ "ಹ್ವಾಯ್, ಕಾರ್ ಇತ್ತಾ?" ಅಂತ ಯಾರಾದರೂ ಕೂಗಿದರೆ ಅಮ್ಮ ಮೊದಲು ಮಾಡುತ್ತಿದ್ದ ಕೆಲಸ ಸೀಟಿಗೆ ಹಳೆ ಸೀರೆ ಹಾಸುವುದು. ನಮ್ಮ ಪಕ್ಕದ ಮನೆಯ ಅಣ್ಣ 1988ರ ಮಳೆಗಾಲದಲ್ಲಿ ಮಾಬುಕಳ ಸೇತುವೆ ದಾಟುವ ಮೊದಲೇ ಕಾರಿನಲ್ಲೇ ಹುಟ್ಟಿದವನು. ಎಲ್ಲರೂ ಮಣಿಪಾಲ ಮುಟ್ಟಲಿಲ್ಲ, ಅದೂ ನಿಜ. ಕೆಲವು ಸಲ ಬ್ರಹ್ಮಾವರದಿಂದಲೇ ಕಾರು ತಿರುಗಿಸಿ ತಂದದ್ದಿದೆ. ಅಪ್ಪಯ್ಯ ಆ ಬಗ್ಗೆ ಮಾತಾಡುತ್ತಿರಲಿಲ್ಲ.

1986ರಲ್ಲಿ ಅಪ್ಪಯ್ಯ ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಕೂರಿಸಿದರು, ಆರ್‌ಸಿಯಲ್ಲೂ ಬರೆಸಿದರು. ಅದು ಹಿಂದುಸ್ತಾನ್ ಮೋಟಾರ್ಸ್‌ನವರದ್ದೇ 1489 ಸಿಸಿಯ ಇಂಜಿನ್. ಶಕ್ತಿ ಕಮ್ಮಿ, ಸದ್ದು ಜಾಸ್ತಿ. ಕಾರಣ ಒಂದೇ: ಮಣಿಪಾಲಕ್ಕೆ ಹೋಗಿ ಬರಲು ಯಾರ ಹತ್ತಿರವೂ ಪೆಟ್ರೋಲಿನ ದುಡ್ಡು ಕೇಳಲಿಕ್ಕೆ ಅವರಿಗೆ ಮನಸ್ಸು ಬರುತ್ತಿರಲಿಲ್ಲ, ಕೈಯಿಂದ ಹಾಕಿ ಪೂರೈಸುತ್ತಲೂ ಇರಲಿಲ್ಲ.

ಈಗ ನನ್ನ ಸಮಸ್ಯೆಗೆ ಬರ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನಕ್ಕೆ 20,000 ರೂಪಾಯಿ ಕಟ್ಟಿದರೆ ವಿಂಟೇಜ್ ನೋಂದಣಿ ಸಿಗುತ್ತದೆ, ಹತ್ತು ವರ್ಷ ಚಿಂತೆ ಇಲ್ಲ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಬಾಡಿ, ಚಾಸಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಮತ್ತೊಂದು ಷರತ್ತು: ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಎಣ್ಣೆ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ.

ಹಳೆ ಪೆಟ್ರೋಲ್ ಇಂಜಿನ್ ಒಂದನ್ನು ಹುಡುಕಿ ಕೂರಿಸಿ, ಅಪ್ಪಯ್ಯನ ಡೀಸೆಲ್ ಗುಜರಿಗೆ ಹಾಕಿ, ವಿಂಟೇಜ್ ನೋಂದಣಿಗೆ ಅರ್ಜಿ ಹಾಕೋಣ ಅಂತ ಬೆಂಗಳೂರಿನ ಗೆಳೆಯರೆಲ್ಲ ಹೇಳಿದರು. ನನಗೂ ಆಸೆ ಇತ್ತು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಕೂಡಿಸಿಟ್ಟ ಹಳೆ ಕಾರುಗಳ ಸಂಗ್ರಹ ನೋಡಿ ಬೆಳೆದವನು ನಾನು. ಆ ಹೊಳಪು ಯಾರಿಗೆ ಬೇಡ? ಅಂಥ ಸಂಗ್ರಹ ಇರಲೇಬೇಕು, ಇಲ್ಲದಿದ್ದರೆ ಎಷ್ಟೋ ಕಾರುಗಳ ಮುಖವೇ ನಮಗೆ ಗೊತ್ತಿರುತ್ತಿರಲಿಲ್ಲ.

ಆದರೆ ನಿಯಮದ ಆ ಎರಡನೇ ಸಾಲು ತಲೆಯಲ್ಲೇ ಕೂತಿತು. ರಾತ್ರಿ ಎರಡು ಗಂಟೆಗೆ ಊರನ್ನೇ ಮಣಿಪಾಲಕ್ಕೆ ಹೊತ್ತ ಕಾರು, ನಾಳೆ ಅಮ್ಮನಿಗೆ ಎದೆನೋವು ಬಂದರೆ ಮನೆಯಲ್ಲೇ ನಿಲ್ಲಬೇಕು! ಅಜ್ಜಯ್ಯನ ಕಾರು ಅಂತ ನಾನು ಉಳಿಸುತ್ತಿರುವುದು ಏನನ್ನು? 1970ರಲ್ಲಿ ಯಾರದ್ದೋ ಶೋರೂಮಿನಲ್ಲಿ ನಿಂತಿದ್ದ ಕಾರನ್ನೋ, ನಮ್ಮ ಅಂಗಳದಲ್ಲಿ ನಿಂತಿದ್ದ ಕಾರನ್ನೋ?

ಕುಂದಾಪುರದ ಹಳೆ ಮೆಕ್ಯಾನಿಕ್ ಒಬ್ಬರು ಗೊಂದಲ ಬಿಡಿಸಿದರು. ನಾನು ಒರಿಜಿನಲ್ ಇಂಜಿನ್ ಬಗ್ಗೆ ಭಾಷಣ ಶುರು ಮಾಡಿದೆ. ಅವರು ಕಾರಿನ ಕೆಳಗಿನಿಂದಲೇ, "ಓಡ್ಸುಕೆ ಎಲ್ಲರಿಗೂ ಬತ್ತ್ ಮಾರಾಯ್ರೆ, ನಿಲ್ಸುಕೆ ಬರ್ಕ್. ಮೊದ್ಲ್ ಬ್ರೇಕ್ ಕಾಣಿ" ಅಂದರು.

ಕಂಡೆವು. ಬ್ರೇಕಿಗಿಂತ ಮೊದಲು ತುಕ್ಕು ಕಂಡಿತು. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಕಡಲಿನ ಉಪ್ಪುಗಾಳಿ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರದ ಮಳೆ ಎರಡೂ ಸೇರಿ ನೆಲದ ತಗಡನ್ನು ಹಪ್ಪಳ ಮಾಡಿದ್ದವು. ನೆಲ ಹೋದರೆ ಕಾರೇ ಹೋದ ಹಾಗೆ. ಹಾಗಾಗಿ ಮೊದಲ ದುಡ್ಡು ಯಾರಿಗೂ ಕಾಣದ ಕೆಳಭಾಗಕ್ಕೆ ಹೋಯಿತು. ಸಾಫ್ಟ್‌ವೇರ್‌ನಲ್ಲೂ ಇದೇ ಪಾಡು, ಬಟನ್ನಿನ ಬಣ್ಣ ಬದಲಿಸಿದರೆ ಎಲ್ಲರೂ ಭೇಷ್ ಅಂತಾರೆ, ಡೇಟಾಬೇಸ್ ಸರಿಮಾಡಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಆಮೇಲೆ ಬ್ರೇಕು. ಹಳೆಯದರಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್. ಮುಂದೆ ಡಿಸ್ಕ್ ಹಾಕಿಸಿ, ಕಾಲಿನ ಒತ್ತಡ ಕಡಿಮೆ ಮಾಡುವ ಬೂಸ್ಟರ್ ಕೂರಿಸಿದೆವು. ಬೂಸ್ಟರ್ ಕೆಲಸ ಮಾಡಲಿಕ್ಕೆ ನಿರ್ವಾತ ಬೇಕು. ಪೆಟ್ರೋಲ್ ಇಂಜಿನ್ ಉಸಿರೆಳೆಯುವಾಗ ಅದು ತಾನಾಗಿ ಸಿಗುತ್ತದೆ. ಡೀಸೆಲ್‌ನಲ್ಲಿ ಸಿಗುವುದಿಲ್ಲ, ಅದಕ್ಕೊಂದು ಪಂಪು ಬೇಕು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಅಂಗಡಿ ಅಂಗಡಿ ಸುತ್ತಿದೆ. ವೈರಿಂಗ್ ಪೂರ್ತಿ ಹೊಸದು, ಪ್ರತಿ ಸಾಲಿಗೂ ಫ್ಯೂಸ್. ಹೆಡ್‌ಲೈಟಿನ ಗುಂಡಗಿನ ಗಾಜು ಹಾಗೇ ಇದೆ, ಒಳಗಿನ ಬಲ್ಬ್ ಮಾತ್ರ ಹ್ಯಾಲೊಜೆನ್. ಕಂಬಗಳ ಒಳಗೆ ಉಕ್ಕಿನ ಪಟ್ಟಿ ಬೆಸೆದು ಹಿಂದೆ-ಮುಂದೆ ಸೀಟ್ ಬೆಲ್ಟ್. ಎಸಿ ಹಾಕಿಸಲಿಲ್ಲ. ಆ ಇಂಜಿನ್‌ಗೆ ಎಸಿ ಕಟ್ಟಿದರೆ ಬಾಳೆಬರೆ ಘಾಟಿಯಲ್ಲಿ ನಾವೇ ಇಳಿದು ತಳ್ಳಬೇಕು.

ಬ್ರಹ್ಮಾವರದಲ್ಲಿ ಕುಶನ್ ಕೆಲಸದವರು ಹಿಂದೆ ಎರಡು ಬೇರೆ ಬೇರೆ ಸೀಟು ಹಾಕುವ, ಚಂದ ಕಾಣ್ತದೆ ಅಂದರು. ನಾನು ಒಪ್ಪಲಿಲ್ಲ. ಒಬ್ಬರು ಉದ್ದಕ್ಕೆ ಮಲಗುವಷ್ಟು ಜಾಗದ ಆ ಒಂದೇ ಸೀಟು ಹಾಗೇ ಉಳಿಯಿತು.

ಹಾಗೆ ವಿಂಟೇಜ್ ನೋಂದಣಿ ಬಿಟ್ಟೆ. ಫಾರ್ಮ್ 31 ಕೊಟ್ಟು ಕಾರನ್ನು ನನ್ನ ಹೆಸರಿಗೆ ಮಾಡಿಸಿ, ಫಾರ್ಮ್ 25 ಕೊಟ್ಟು ನೋಂದಣಿ ನವೀಕರಿಸಿದೆ. ಇನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ನಿಲ್ಲಿಸಬೇಕು. ಹೊಗೆ ಪರೀಕ್ಷೆಯಲ್ಲಿ ಫೇಲಾದ ದಿನ ಈ ಡೀಸೆಲ್ ಇಂಜಿನ್‌ಗೂ ವಿದಾಯ ಹೇಳಬೇಕಾಗುತ್ತದೆ. ಅದು ನ್ಯಾಯವೇ. ಆಗ ಬ್ಯಾಟರಿ ಹಾಕುವುದೋ ಏನೋ, ನನ್ನ ಮಗಳು ನೋಡಿಕೊಳ್ಳಲಿ. ಅಪ್ಪಯ್ಯನೂ ಕಾಲಕ್ಕೆ ತಕ್ಕ ಹಾಗೆ ಬದಲಿಸಿದವರೇ ಅಲ್ಲವಾ?

ಕಳೆದ ದೀಪಾವಳಿಗೆ ಕಾರು ಅಂಗಳಕ್ಕೆ ಬಂತು. ಪಕ್ಕದ ಮನೆಯ ಅಣ್ಣ ಬಂದು ಸುತ್ತು ಹಾಕಿ ನೋಡಿ, "ನಾನ್ ಹುಟ್ಟಿದ್ ಸೀಟ್ ಇದೇಯಾ?" ಅಂತ ಕೇಳಿದ. ಬಟ್ಟೆ ಹೊಸತು, ಸ್ಪ್ರಿಂಗ್ ಹಳೆಯದು ಅಂದೆ. ಅವನು ಹತ್ತಿ ಕೂತ, ನನ್ನ ಮಗಳು ಅವನಿಗೆ ಬೆಲ್ಟ್ ಹಾಕುವುದು ಹೇಗಂತ ತೋರಿಸಿಕೊಟ್ಟಳು. ಅಮ್ಮ ಒಳಗಿನಿಂದ ಒಂದು ಹಳೆ ಸೀರೆ ತಂದು, ಮಡಚಿ, ಡಿಕ್ಕಿಯಲ್ಲಿ ಇಟ್ಟರು.

"ಎಂತಕೆ ಅಮ್ಮ ಅದು?" ಅಂದೆ.

"ಇರ್ಲಿ, ಬೇಕಾತ್ತ್" ಅಂದರು.