ಇಸ್ಪೀಟೆಲೆಯ ಲೆಕ್ಕ: ಕೈಚಳಕವಿಲ್ಲದ ಜಾದೂವಿನ ಕಥೆ



ಮನೆಯಲ್ಲಿ ಒಂದು ಕಟ್ಟು ಇಸ್ಪೀಟೆಲೆ ಇದ್ದರೆ ಅದರಿಂದ 21 ಎಲೆಗಳನ್ನು ಎಣಿಸಿ ತೆಗೆದಿಟ್ಟುಕೊಂಡು ಈ ಲೇಖನ ಓದಲು ಕುಳಿತುಕೊಳ್ಳಿ. ಇಸ್ಪೀಟು ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕಿದರೆ, ಇದು ಜೂಜಲ್ಲ, ಲೆಕ್ಕ ಎಂದು ಹೇಳಿ. ಅವರ ಆತಂಕಕ್ಕೂ ಕಾರಣವಿಲ್ಲದೆ ಇಲ್ಲ. ಮೊದಲು ನನ್ನದೇ ಅನುಭವವನ್ನು ಹೇಳಿಬಿಡುತ್ತೇನೆ.

ನಾನು ಪಿ.ಯು.ಸಿ. ಓದುತ್ತಿದ್ದ ಕಾಲ. ಊರ ಜಾತ್ರೆಯಲ್ಲಿ ಮೂರೆಲೆ ಆಟದವನೊಬ್ಬ ಗೋಣಿತಾಟು ಹಾಸಿಕೊಂಡು ಕುಳಿತಿದ್ದ. ಮೂರು ಎಲೆಗಳನ್ನು ಬೋರಲು ಹಾಕಿ ಅತ್ತಿತ್ತ ಸರಿಸುತ್ತಿದ್ದ. ರಾಣಿ ಎಲ್ಲಿದ್ದಾಳೆಂದು ತೋರಿಸಿದರೆ ಇಟ್ಟ ಹಣಕ್ಕೆ ಎರಡರಷ್ಟು. ನನ್ನ ಎದುರಿಗೇ ಇಬ್ಬರು ಗೆದ್ದರು. ಅವರು ಆತನ ಕಡೆಯವರೇ ಎಂಬುದು ನನಗೆ ಹೊಳೆಯಲಿಲ್ಲ. ಜೇಬಿನಲ್ಲಿ ಪರೀಕ್ಷೆಯ ಶುಲ್ಕಕ್ಕೆಂದು ಅಪ್ಪ ಕೊಟ್ಟ ಹಣವಿತ್ತು. ಕಾಲು ಗಂಟೆಯಲ್ಲಿ ಅದಷ್ಟೂ ಗೋಣಿತಾಟಿನ ಪಾಲಾಯಿತು.

ಶುಲ್ಕದ ಹಣವನ್ನು ಕೊನೆಗೆ ಸೋದರಮಾವ ಕೊಟ್ಟರು. ಬೈಯಲಿಲ್ಲ. ರಾತ್ರಿ ಊಟವಾದ ಮೇಲೆ ಒಂದು ಹಳೆಯ ಕಟ್ಟು ತಂದು ಎಲೆಗಳ ಆಟವೊಂದನ್ನು ತೋರಿಸಿದರು. ನಾನು ಮನಸ್ಸಿನಲ್ಲಿ ಇಟ್ಟುಕೊಂಡ ಎಲೆಯನ್ನೇ ಮೂರು ಸಲವೂ ತೆಗೆದುಕೊಟ್ಟರು. “ಮಾವ, ನೀವೆಲ್ಲೋ ಎಲೆ ಬದಲಾಯಿಸಿದಿರಿ” ಎಂದೆ. “ಹಾಗಾದ್ರೆ ನೀನೇ ಮಾಡು, ನಾನು ಮುಟ್ಟೋದೇ ಇಲ್ಲ” ಎಂದು ಕಟ್ಟನ್ನು ನನ್ನ ಕೈಗಿತ್ತು, ದೂರ ನಿಂತು ಹೇಳುತ್ತಾ ಹೋದರು. ಅಜ್ಜಿ ಒಂದು ಎಲೆಯನ್ನು ನೆನೆದುಕೊಂಡರು. ಯಾವ ಕೈಚಳಕವನ್ನೂ ಅರಿಯದ ನನ್ನ ಕೈಯಿಂದಲೇ ಅಜ್ಜಿಯ ಎಲೆ ಹೊರಬಂತು! ಜಾತ್ರೆಯಲ್ಲಿ ನನ್ನನ್ನು ಗೆದ್ದದ್ದು ಒಬ್ಬನ ಕೈ. ಇಲ್ಲಿ ಕೆಲಸ ಮಾಡಿದ್ದು ಎಣಿಕೆ. ಈ ವ್ಯತ್ಯಾಸವನ್ನು ನಾನು ಅಂದು ಮೊದಲ ಸಲ ಕಂಡೆ.

ತಾನಾಗಿಯೇ ನಡೆಯುವ ಇಂತಹ ಆಟಗಳಿಗೆ ದೊಡ್ಡ ಚರಿತ್ರೆಯಿದೆ. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಸಾವಧಾನವಾಗಿ ನೋಡೋಣ.

ಮೊದಲು ಆಟ

ನಿಮ್ಮ 21 ಎಲೆಗಳನ್ನು ಗೆಳೆಯನಿಗೆ ತೋರಿಸಿ, ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲು ಹೇಳಿ. ಈಗ ಎಲೆಗಳನ್ನು ಮುಖ ಮೇಲಾಗಿ ಮೂರು ಸಾಲಿನಲ್ಲಿ ಹಾಕುತ್ತಾ ಹೋಗಿ: ಮೊದಲ ಸಾಲಿಗೊಂದು, ಎರಡನೆಯದಕ್ಕೊಂದು, ಮೂರನೆಯದಕ್ಕೊಂದು, ಮತ್ತೆ ಮೊದಲನೆಯದಕ್ಕೆ. ಸಾಲಿಗೆ ಏಳು ಎಲೆಗಳಾಗುತ್ತವೆ. ತನ್ನ ಎಲೆ ಯಾವ ಸಾಲಿನಲ್ಲಿದೆ ಎಂಬುದನ್ನಷ್ಟೇ ಗೆಳೆಯ ಹೇಳಲಿ. ಆ ಸಾಲು ಉಳಿದೆರಡರ ನಡುವೆ ಬರುವಂತೆ ಎಲೆಗಳನ್ನು ಕೂಡಿಸಿ, ಕಟ್ಟನ್ನು ಬೋರಲು ಮಾಡಿಕೊಳ್ಳಿ. ಹೀಗೆಯೇ ಒಟ್ಟು ಮೂರು ಸಲ ಮಾಡಿ. ಆಮೇಲೆ ಮೇಲಿನಿಂದ ಎಣಿಸಿದರೆ ಗೆಳೆಯನ ಎಲೆ 11ನೆಯದು. ಯಾವ ಎಲೆಯೇ ಆಗಿರಲಿ, 11ನೆಯದೇ.

ಇದರ ಗುಟ್ಟೇನು? ಮೊದಲ ಸಲ ಕೂಡಿಸಿದಾಗ ಗೆಳೆಯನ ಸಾಲಿನ ಮೇಲೆ ಏಳು ಎಲೆಗಳು, ಕೆಳಗೆ ಏಳು ಎಲೆಗಳು. ಅಂದರೆ ಅವನ ಎಲೆ 8ರಿಂದ 14ರ ಒಳಗೆಲ್ಲೋ ಇದೆ. ಮತ್ತೆ ಹಂಚಿದಾಗ ಈ ಏಳು ಎಲೆಗಳು ಮೂರು ಸಾಲುಗಳಿಗೂ ಹರಡಿಕೊಂಡು, ಪ್ರತಿ ಸಾಲಿನ 3, 4 ಅಥವಾ 5ನೆಯ ಸ್ಥಾನದಲ್ಲಿ ಬೀಳುತ್ತವೆ. ಪುನಃ ನಡುವೆ ಸೇರಿಸಿದರೆ ಅವನ ಎಲೆ 10, 11 ಅಥವಾ 12ನೆಯದಾಗಿರಬೇಕು. ಮೂರನೆಯ ಸಲ ಹಂಚಿದಾಗ ಈ ಮೂರೂ ಎಲೆಗಳು ಒಂದೊಂದು ಸಾಲಿನಲ್ಲಿ ಒಂದೊಂದು, ಎಲ್ಲವೂ 4ನೆಯ ಸ್ಥಾನದಲ್ಲಿ. ಏಳಕ್ಕೆ ನಾಲ್ಕು ಕೂಡಿಸಿದರೆ ಹನ್ನೊಂದು. ಗೆಳೆಯ ಸಾಲನ್ನು ತೋರಿಸಿದಾಗಲೆಲ್ಲ ತನಗರಿವಿಲ್ಲದೆಯೇ ನಿಮಗೆ ಸುದ್ದಿ ಕೊಡುತ್ತಿದ್ದಾನೆ. 21 ಸಾಧ್ಯತೆಗಳು ಏಳಾದವು, ಏಳು ಮೂರಾದವು, ಮೂರು ಒಂದಾಯಿತು.

ಲೆಕ್ಕಪತ್ರದ ಗುರು, ಮಾಟದ ವಿರೋಧಿ

ಇಸ್ಪೀಟೆಲೆಗಳು ಯೂರೋಪಿಗೆ ಬಂದದ್ದು 14ನೆಯ ಶತಮಾನದ ಉತ್ತರಾರ್ಧದಲ್ಲಿ. 1377ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಆಡಳಿತ ಎಲೆಯಾಟವನ್ನು ನಿರ್ಬಂಧಿಸಿದ ದಾಖಲೆಯಿದೆ. ಹಿರಿಯರ ಹುಬ್ಬು ಗಂಟಿಕ್ಕುವುದು ಹೊಸದೇನಲ್ಲ!

ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಲೂಕಾ ಪಾಚೋಲಿಯ ಹೆಸರನ್ನು ಕೇಳಿರಬೇಕು. ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು 1494ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ವಿವರಿಸಿದ ಇಟಲಿಯ ಸಂನ್ಯಾಸಿ ಆತ. ಲಿಯೊನಾರ್ಡೊ ಡ ವಿಂಚಿಯ ಸ್ನೇಹಿತ. ಇದೇ ಪಾಚೋಲಿ 1496ರಿಂದ 1508ರ ನಡುವಿನ ವರ್ಷಗಳಲ್ಲಿ ಸಂಖ್ಯೆಗಳ ಶಕ್ತಿಯನ್ನು ಕುರಿತು ಮತ್ತೊಂದು ಗ್ರಂಥವನ್ನು ಬರೆದ. ಸಂಖ್ಯಾ ಚಮತ್ಕಾರಗಳು, ಒಗಟುಗಳು, ಎಲೆಗಳ ಜಾದೂ ಎಲ್ಲವೂ ಅದರಲ್ಲಿವೆ. ಅದು ಆಗ ಅಚ್ಚಾಗಲಿಲ್ಲ. ಹಸ್ತಪ್ರತಿ ಬೊಲೋನ್ಯ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಉಳಿದುಕೊಂಡಿದೆ.

ಆದರೆ ಆ ಕಾಲದಲ್ಲಿ ಜಾದೂ ಬರೀ ವಿನೋದದ ವಿಷಯವಾಗಿರಲಿಲ್ಲ. ಯೂರೋಪಿನಲ್ಲಿ ಮಾಟಗಾತಿಯರೆಂಬ ಆರೋಪ ಹೊರಿಸಿ ಸಾವಿರಾರು ಜನರನ್ನು, ಬಹುಪಾಲು ಹೆಂಗಸರನ್ನು, ಕೊಲ್ಲುತ್ತಿದ್ದ ಕಾಲ ಅದು. ಇಂಗ್ಲೆಂಡಿನಲ್ಲಿ 1563ರ ಕಾಯಿದೆಯಂತೆ ಮಾಟದಿಂದ ಕೊಲೆ ಮಾಡಿದರೆಂದು ತೀರ್ಮಾನವಾದವರಿಗೆ ಮರಣದಂಡನೆ. ಇದನ್ನು ಸಹಿಸಲಾರದೆ ಕೆಂಟ್ ಪ್ರಾಂತದ ರೆಜಿನಾಲ್ಡ್ ಸ್ಕಾಟ್ ಎಂಬಾತ 1584ರಲ್ಲಿ ದೊಡ್ಡ ಪುಸ್ತಕವೊಂದನ್ನು ಪ್ರಕಟಿಸಿದ. ಮಾಟ ಮಂತ್ರದ ನಂಬಿಕೆಗೆ ಆಧಾರವಿಲ್ಲ, ಬಡ ಮುದುಕಿಯರನ್ನು ಸುಮ್ಮನೆ ಬಲಿ ಕೊಡುತ್ತಿದ್ದೀರಿ ಎಂಬುದು ಅದರ ವಾದ. ವಾದಕ್ಕೆ ಸಾಕ್ಷಿಯಾಗಿ ಆತ ನಾಣ್ಯ, ಚೆಂಡು, ಎಲೆಗಳ ಆಟಗಳನ್ನು ಹೇಗೆ ಮಾಡುತ್ತಾರೆಂದು ಬಿಡಿಸಿ ಬರೆದ. ಅದ್ಭುತವೆಂದು ಕಾಣುವುದೆಲ್ಲ ಅಲೌಕಿಕವಲ್ಲ ಎಂದು ತೋರಿಸುವುದೇ ಉದ್ದೇಶ. ಜಾದೂವಿನ ಗುಟ್ಟುಗಳನ್ನು ಇಂಗ್ಲಿಷಿನಲ್ಲಿ ವಿವರವಾಗಿ ಬರೆದ ಮೊದಲ ಪುಸ್ತಕಗಳಲ್ಲಿ ಇದು ಮುಖ್ಯವಾದುದು. ಜಾದೂಗಾರರನ್ನು ಸ್ಕಾಟ್ ಹಳಿಯಲಿಲ್ಲ ಎಂಬುದನ್ನೂ ನೀವು ಗಮನಿಸಬೇಕು. ಮನರಂಜನೆಗಾಗಿ, ದೈವಶಕ್ತಿಯ ಸೋಗು ಹಾಕದೆ ಮಾಡುವ ಆಟ ಮೆಚ್ಚತಕ್ಕದ್ದೇ ಎಂದ. ಆ ದೇಶದಲ್ಲಿ ಮಾಟದ ಕಾಯಿದೆ ರದ್ದಾದದ್ದು 1736ರಲ್ಲಿ, ಸ್ಕಾಟ್ ತೀರಿಕೊಂಡು 137 ವರ್ಷಗಳಾದ ಮೇಲೆ.

ಗಣಿತಜ್ಞರ ಕೈಗೆ ಬಂದ ಎಲೆಗಳು

1612ರಲ್ಲಿ ಫ್ರಾನ್ಸಿನ ಕ್ಲೋದ್ ಗ್ಯಾಸ್ಪಾರ್ ಬಾಶೆ ಎಂಬ ವಿದ್ವಾಂಸ ಸಂಖ್ಯಾ ವಿನೋದಗಳನ್ನು ಕುರಿತ ಪುಸ್ತಕವೊಂದನ್ನು ಪ್ರಕಟಿಸಿದ. ಎಲೆಗಳನ್ನು ಮೂರು ಗುಂಪುಗಳಾಗಿ ಹಂಚುವ ಆಟವನ್ನು ಬಾಶೆ ಚರ್ಚಿಸಿದ್ದಾನೆ. ಅಲ್ಲಿಂದ ಲೆಕ್ಕ ಹಾಕಿದರೆ, ನೀವು ಈಗ ಆಡಿದ ಬಗೆಯ ಆಟಕ್ಕೆ ನಾಲ್ಕು ಶತಮಾನ ಮೀರಿದ ವಯಸ್ಸು. ಇದೇ ಬಾಶೆ 1621ರಲ್ಲಿ ಗ್ರೀಕ್ ಗಣಿತಜ್ಞ ಡಯೊಫಾಂಟಸನ ಗ್ರಂಥವನ್ನು ಲ್ಯಾಟಿನ್ ಅನುವಾದದೊಡನೆ ಹೊರತಂದ. ಆ ಪುಸ್ತಕದ ಅಂಚಿನಲ್ಲಿಯೇ ಫರ್ಮಾ ತನ್ನ ಪ್ರಸಿದ್ಧ ಟಿಪ್ಪಣಿಯನ್ನು ಗೀಚಿಟ್ಟದ್ದು. ಆ ಪ್ರಮೇಯಕ್ಕೆ ಆಂಡ್ರ್ಯೂ ವೈಲ್ಸ್ ಕೊಟ್ಟ ಸಾಧನೆ ಪ್ರಕಟವಾದದ್ದು 1995ರಲ್ಲಿ. ಎಲೆಯಾಟದ ಲೇಖಕನ ಇನ್ನೊಂದು ಪುಸ್ತಕ ಗಣಿತಲೋಕಕ್ಕೆ ಮೂರೂವರೆ ಶತಮಾನಗಳ ಕೆಲಸ ಕೊಟ್ಟಿತು.

ಬಾಶೆಯ ನಂತರ ಎರಡು ಶತಮಾನ ಕಳೆದ ಮೇಲೆ ಫ್ರಾನ್ಸಿನವನೇ ಆದ ಜೋಸೆಫ್ ಡಿಯಾಜ್ ಜೆರ್ಗಾನ್ ಈ ಆಟವನ್ನು ಮತ್ತೆ ಕೈಗೆತ್ತಿಕೊಂಡ. 1810ರಲ್ಲಿ ತಾನೇ ಆರಂಭಿಸಿದ್ದ ಗಣಿತ ಪತ್ರಿಕೆಯ 1813-14ರ ಸಂಪುಟದಲ್ಲಿ ಅದನ್ನು ಪೂರ್ಣವಾಗಿ ವಿಶ್ಲೇಷಿಸಿದ. ಗೆಳೆಯನ ಗುಂಪನ್ನು ಸದಾ ನಡುವೆಯೇ ಏಕೆ ಇಡಬೇಕು? ಮೇಲೋ ಕೆಳಗೋ ಇಟ್ಟರೆ ಏನಾಗುತ್ತದೆ? ಇಲ್ಲಿಂದ ಆಟಕ್ಕೆ ಹೊಸ ರುಚಿ ಬರುತ್ತದೆ.

ಈಗ 27 ಎಲೆಗಳನ್ನು ತೆಗೆದುಕೊಳ್ಳಿ. ಗೆಳೆಯ ಒಂದು ಎಲೆಯನ್ನು ನೆನೆಯಲಿ, ಜೊತೆಗೆ 1ರಿಂದ 27ರೊಳಗಿನ ಒಂದು ಸಂಖ್ಯೆಯನ್ನು ಗಟ್ಟಿಯಾಗಿ ಹೇಳಲಿ. ಅವನ ಎಲೆ ಅದೇ ಸ್ಥಾನಕ್ಕೆ ಬರುವಂತೆ ನೀವು ಮಾಡಬಲ್ಲಿರಿ. ಅವನು 20 ಎಂದನೆನ್ನಿ. ಅವನ ಎಲೆಯ ಮೇಲೆ 19 ಎಲೆಗಳು ಇರಬೇಕು. 19ನ್ನು ಒಂದು, ಮೂರು, ಒಂಬತ್ತುಗಳಾಗಿ ಒಡೆಯಿರಿ: ಒಂಬತ್ತು ಎರಡು ಸಲ, ಮೂರು ಸೊನ್ನೆ ಸಲ, ಒಂದು ಒಂದು ಸಲ. ಕಟ್ಟನ್ನು ಬೋರಲಾಗಿ ಹಿಡಿದಾಗ ಗೆಳೆಯನ ಗುಂಪು ಮೇಲಿದ್ದರೆ ಅದಕ್ಕೆ 0, ನಡುವೆ ಇದ್ದರೆ 1, ಕೆಳಗಿದ್ದರೆ 2 ಎಂದು ಲೆಕ್ಕ. ಮೊದಲ ಸಲಕ್ಕೆ ಒಂದರ ಅಂಕೆ, ಎರಡನೆಯ ಸಲಕ್ಕೆ ಮೂರರ ಅಂಕೆ, ಮೂರನೆಯ ಸಲಕ್ಕೆ ಒಂಬತ್ತರ ಅಂಕೆ. ಹಾಗಾಗಿ 20 ಎಂದರೆ ಮೊದಲು ನಡುವೆ, ಆಮೇಲೆ ಮೇಲೆ, ಕೊನೆಗೆ ಕೆಳಗೆ. ನಾವು ಹತ್ತರ ಆಧಾರದಲ್ಲಿ ಬರೆಯುವ ಸಂಖ್ಯೆಯನ್ನು ಇಲ್ಲಿ ಎಲೆಗಳು ಮೂರರ ಆಧಾರದಲ್ಲಿ ಬರೆಯುತ್ತವೆ. ಗಣಕಯಂತ್ರ ಎರಡರ ಆಧಾರವನ್ನು ಬಳಸುತ್ತದೆಂದು ನೀವು ಪಾಠದಲ್ಲಿ ಓದಿದ್ದೀರಿ, ತತ್ತ್ವ ಒಂದೇ.

ಒಂದು ಎಚ್ಚರಿಕೆಯ ಮಾತು. ತಾನಾಗಿ ನಡೆಯುವ ಆಟ ಎಂದರೆ ಗಮನವಿಲ್ಲದೆ ನಡೆಯುವ ಆಟವಲ್ಲ. ಒಮ್ಮೆ ಸ್ಟುಡಿಯೋದಲ್ಲಿ ಪೂರ್ವಾಭ್ಯಾಸ ಮಾಡುವಾಗ ಬಂದ ಮಕ್ಕಳೊಡನೆ ಮಾತನಾಡುತ್ತಾ ನಾನು ಗುಂಪನ್ನು ತಪ್ಪು ಜಾಗದಲ್ಲಿ ಸೇರಿಸಿದೆ. ಠೀವಿಯಿಂದ ಎತ್ತಿ ತೋರಿಸಿದ್ದು ಕಳಾವರ್ ಗುಲಾಮ. ಹುಡುಗಿ ನೆನೆದದ್ದು ಆಟೀನಿನ ಏಳು. ಮಕ್ಕಳು ನಕ್ಕರು, ನಾನೂ ನಕ್ಕೆ. ಲೆಕ್ಕ ತಪ್ಪಿರಲಿಲ್ಲ, ನಾನು ತಪ್ಪಿದ್ದೆ.

ಕಲಸಿದರೂ ಕೆಡದ ಕ್ರಮ

1958ರಲ್ಲಿ ಅಮೆರಿಕದ ನಾರ್ಮನ್ ಗಿಲ್‌ಬ್ರೆತ್ ಜಾದೂಗಾರರ ಪತ್ರಿಕೆಯೊಂದರಲ್ಲಿ ಹೊಸ ತತ್ತ್ವವೊಂದನ್ನು ಪ್ರಕಟಿಸಿದರು. ಇದನ್ನೂ ಮಾಡಿ ನೋಡಿ. 52 ಎಲೆಗಳನ್ನು ಕೆಂಪು, ಕಪ್ಪು, ಕೆಂಪು, ಕಪ್ಪು ಎಂದು ಮೊದಲೇ ಜೋಡಿಸಿಟ್ಟುಕೊಳ್ಳಿ. ಗೆಳೆಯ ಮೇಲಿನಿಂದ ತನಗೆ ತೋಚಿದಷ್ಟು ಎಲೆಗಳನ್ನು ಒಂದರ ಮೇಲೊಂದು ಹಾಕುತ್ತಾ ಮೇಜಿನ ಮೇಲೆ ಗುಂಪು ಮಾಡಲಿ. ಉಳಿದದ್ದು ಇನ್ನೊಂದು ಗುಂಪು. ಎರಡೂ ಬೋರಲಾಗಿಯೇ ಇರಲಿ. ಈಗ ಅವನು ಯಾವ ಗುಂಪಿನ ಮೇಲಿನಿಂದಲಾದರೂ, ತನ್ನ ಇಷ್ಟದಂತೆ, ಒಂದೊಂದೇ ಎಲೆ ತೆಗೆದು ಮೂರನೆಯ ಗುಂಪು ಮಾಡುತ್ತಾ ಎಲ್ಲವನ್ನೂ ಬೆರೆಸಲಿ. ಆ ಕಟ್ಟಿನಿಂದ ಎರಡೆರಡೇ ಎಲೆ ತೆಗೆಯಿರಿ. ಇಪ್ಪತ್ತಾರು ಜೋಡಿಗಳಲ್ಲಿಯೂ ಒಂದು ಕೆಂಪು, ಒಂದು ಕಪ್ಪು!

ಕಾರಣ ಸರಳ. ಹಂಚಿದ ಗುಂಪು ತಿರುಗುಮುರುಗಾಗಿರುವುದರಿಂದ, ಆರಂಭದಲ್ಲಿ ಎರಡು ಗುಂಪುಗಳ ಮೇಲಿನ ಎಲೆಗಳ ಬಣ್ಣ ಬೇರೆ ಬೇರೆ. ಗೆಳೆಯ ಕೆಂಪನ್ನು ತೆಗೆದರೆ ಅದರ ಕೆಳಗಿರುವುದು ಕಪ್ಪು. ಪಕ್ಕದ ಗುಂಪಿನ ಮೇಲೂ ಕಪ್ಪು. ಮುಂದೆ ಎಲ್ಲಿಂದ ತೆಗೆದರೂ ಕಪ್ಪೇ ಬರಬೇಕು. ಜೋಡಿ ಮುಗಿದೊಡನೆ ಮೇಲಿನ ಬಣ್ಣಗಳು ಮತ್ತೆ ಬೇರೆ ಬೇರೆ. ಗೆಳೆಯನಿಗೆ ಪೂರ್ಣ ಸ್ವಾತಂತ್ರ್ಯವಿದ್ದಂತೆ ಕಾಣುತ್ತದೆ. ಇರುವುದು ಅರ್ಧ ಮಾತ್ರ.

ಹಾಗಾದರೆ ಒಂದು ಕಟ್ಟು ನಿಜವಾಗಿ ಕಲಸಿತೆನ್ನಲು ಎಷ್ಟು ಸಲ ಕಲಸಬೇಕು? ಎರಡು ಭಾಗ ಮಾಡಿ ಎಲೆಗಳನ್ನು ಒಂದರೊಳಗೊಂದು ಸೇರಿಸುವ ರೀತಿಯಲ್ಲಾದರೆ ಸುಮಾರು ಏಳು ಸಲ ಎಂದು 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ ತೋರಿಸಿದರು. ಈ ಡಯಾಕೋನಿಸ್ 14ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಜಾದೂಗಾರನೊಬ್ಬನ ಹಿಂದೆ ಊರೂರು ಸುತ್ತಿದವರು. ಆಮೇಲೆ ಗಣಿತ ಓದಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಆಟದ ಆಚೆಗೆ

ಈ ಆಟಗಳನ್ನು ಸಾಮಾನ್ಯ ಓದುಗರಿಗೆ ತಲುಪಿಸಿದವರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್‌ನರ್ (1914–2010) ಅಗ್ರಗಣ್ಯರು. ಗಣಿತ ಮತ್ತು ಜಾದೂ ಕುರಿತ ಅವರ ಪುಸ್ತಕ 1956ರಲ್ಲಿ ಬಂತು. ಅವರು ವಿಜ್ಞಾನದ ಸೋಗು ಹಾಕಿದ ವಂಚನೆಗಳನ್ನೂ ಜೀವನದುದ್ದಕ್ಕೂ ಬಯಲಿಗೆಳೆದರು. ಅಲೌಕಿಕ ಶಕ್ತಿಯ ಹೇಳಿಕೆಗಳನ್ನು ಪರೀಕ್ಷಿಸಲು 1976ರಲ್ಲಿ ಅಲ್ಲಿ ಒಂದು ಸಮಿತಿ ರಚನೆಯಾದಾಗ ಗಾರ್ಡ್‌ನರ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬರಾಗಿದ್ದರು. ಅದೇ 1976ರಲ್ಲಿ ನಮ್ಮ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ, ಭೌತಶಾಸ್ತ್ರದ ಮೇಷ್ಟರು ಡಾ. ಎಚ್. ನರಸಿಂಹಯ್ಯನವರೂ ಪವಾಡಗಳನ್ನು ಪರಿಶೀಲಿಸುವ ಸಮಿತಿಯನ್ನು ರಚಿಸಿದರು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಎಚ್ಚೆನ್ ಅವರು ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದ ಮಾತು. ಸ್ಕಾಟ್ 1584ರಲ್ಲಿ ಹೇಳಿದ್ದೂ ಬಹುಮಟ್ಟಿಗೆ ಅದನ್ನೇ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಈ ಆಟಗಳನ್ನು ಕಲಿಯಿರಿ, ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಮದುವೆಮನೆಯಲ್ಲಿ ತೋರಿಸಿ ಎಲ್ಲರನ್ನೂ ನಗಿಸಿ. ಗುಟ್ಟನ್ನು ಕೂಡಲೇ ಹೇಳಬೇಕಾಗಿಲ್ಲ. ಆದರೆ ನನಗೆ ಮನಸ್ಸನ್ನು ಓದುವ ಶಕ್ತಿಯಿದೆ ಎಂದು ಮಾತ್ರ ಹೇಳಬೇಡಿ. ಯಾರಾದರೂ ನಿಜವೆಂದು ನಂಬಿದರೆ, ಇದು ಎಣಿಕೆಯ ಆಟ ಎಂದು ತಿಳಿಸಿ. ಹಣ ಇಡುವ ಮಾತು ಬಂದೊಡನೆ ಎಲೆಗಳನ್ನು ಕಟ್ಟಿಡಿ. ನಾಳೆ ಯಾರೋ ನಿಮ್ಮ ಕಣ್ಣೆದುರು ಪವಾಡ ಮಾಡಿ, ಅದರ ಬಲದ ಮೇಲೆ ನಿಮ್ಮ ಹಣವನ್ನೋ, ಮನೆಯ ರೋಗಿಯ ಚಿಕಿತ್ಸೆಯನ್ನೋ ತಮ್ಮ ಕೈಗೊಪ್ಪಿಸಿ ಎಂದರೆ ಈ 21 ಎಲೆಗಳನ್ನು ನೆನೆಯಿರಿ. ನಿಮಗೆ ಗುಟ್ಟು ಗೊತ್ತಿಲ್ಲ ಎಂದಮಾತ್ರಕ್ಕೆ ಗುಟ್ಟು ಇಲ್ಲವೆಂದಲ್ಲ.

ಕೊನೆಗೆ ನಿಮಗೊಂದು ಪ್ರಶ್ನೆ: 27 ಎಲೆಗಳ ಆಟದಲ್ಲಿ ಗೆಳೆಯ 15 ಎಂದರೆ, ಅವನ ಗುಂಪನ್ನು ಮೂರು ಸಲ ಎಲ್ಲೆಲ್ಲಿ ಇಡಬೇಕು? ಕಾಗದದ ಮೇಲೆ ಲೆಕ್ಕ ಹಾಕಿ, ಆಮೇಲೆ ಎಲೆಗಳನ್ನು ಹಂಚಿ ನೋಡಿ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಎಲೆಗಳೇ ಹೇಳುತ್ತವೆ.