ಸೀಟಿಲ್ಲ ಅಂದ ಮೇಲೆ: ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ ಬಂದ ಮೂವರು ಹೆಣ್ಣುಮಕ್ಕಳು

ಪಿಜಿ ಸೀಟಿನ ಪಟ್ಟಿ ಬಿಡುವ ದಿನ ನಮ್ಮ ಹೋಬಳಿಯ ಸೈಬರ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಯಾರಿಗೆ ಸೀಟು ಸಿಕ್ಕಿತು, ಯಾರಿಗೆ ಇಲ್ಲ ಎನ್ನುವುದು ಮುಖ ನೋಡಿದರೇ ತಿಳಿಯುತ್ತದೆ. ಸಿಕ್ಕವರು ಮನೆಗೆ ಫೋನ್ ಮಾಡುತ್ತಾ ಹೊರಗೆ ಬರುತ್ತಾರೆ. ಸಿಗದವರು ‘ಇನ್ನೊಂದ್ಸಲ ನಂಬರ್ ಹಾಕಿ ನೋಡಿ’ ಎಂದು ಅಂಗಡಿಯವನನ್ನು ಕೇಳುತ್ತಾರೆ.

ಈ ಸಲ ಹಾಗೆ ಎರಡು ಬಾರಿ ನಂಬರ್ ಹಾಕಿಸಿದ ಹುಡುಗಿಯೊಬ್ಬಳು ನಮ್ಮ ಕಡೆ ತಿರುಗಿ, ‘ಅಣ್ಣಾ, ಓದು ಇಲ್ಲಿಗೆ ಮುಗೀತು ಅಂತ ಅಲ್ವಾ?’ ಎಂದು ಕೇಳಿದಳು. ಬಿ.ಎಸ್ಸಿ. ಮುಗಿಸಿದ್ದಾಳೆ, ಎಂ.ಎಸ್ಸಿ. ಮಾಡುವ ಆಸೆ. ‘ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಗಂಡು ನೋಡ್ತೀವಿ’ ಎಂದು ಮನೆಯಲ್ಲಿ ಮೊದಲೇ ಮಾತಾಗಿದೆ. ಸೀಟಿನ ಸುದ್ದಿ ಬರೆಯಲು ಹೋಗಿದ್ದ ನಮಗೆ ಆ ಕ್ಷಣ ಏನು ಹೇಳಬೇಕೋ ತೋಚಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಮೂವರು ನೆನಪಾದರು. ಮೂವರೂ ಹೆಣ್ಣುಮಕ್ಕಳು. ಮೂವರೂ ಬೆಂಗಳೂರಿನ ಒಂದೇ ಸಂಸ್ಥೆಗೆ ಸಂಶೋಧನೆ ಮಾಡಲು ಬಂದವರು. ಮೂವರಿಗೂ ಒಂದಲ್ಲ ಒಂದು ಹಂತದಲ್ಲಿ ‘ಇಲ್ಲ’ ಎಂಬ ಉತ್ತರ ಸಿಕ್ಕಿತ್ತು. ಆ ಹುಡುಗಿಗೆ ಹೇಳಬೇಕಿದ್ದ ಮಾತು ಇವರ ಕಥೆಯಲ್ಲಿದೆ ಅನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಆ ಸಂಸ್ಥೆ ಭಾರತೀಯ ವಿಜ್ಞಾನ ಸಂಸ್ಥೆ. ಬೆಂಗಳೂರಿನ ಹಳಬರಿಗೆ ಇವತ್ತಿಗೂ ಅದು ‘ಟಾಟಾ ಇನ್‌ಸ್ಟಿಟ್ಯೂಟ್’. ಜಮ್‌ಷೆಟ್‌ಜಿ ಟಾಟಾ ಅವರ ಕನಸಿಗೆ ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸ್ಥಾಪನೆಯಾಯಿತು. ಒಂದು ವಿಷಯ ನೆನಪಿಟ್ಟುಕೊಳ್ಳಿ: 1958ರವರೆಗೆ ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಇರಲಿಲ್ಲ. ಕೆಲಸ ಇಲ್ಲಿ ಮಾಡಿದರೂ ಎಂ.ಎಸ್ಸಿ., ಪಿಎಚ್‌ಡಿ ಪದವಿಗೆ ಬೇರೆ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಕಳಿಸಬೇಕಿತ್ತು. ಈ ಸಣ್ಣ ವಿವರ ಮುಂದೆ ಒಬ್ಬರಿಗೆ ದುಬಾರಿಯಾಯಿತು.

1933ರಲ್ಲಿ ಅಲ್ಲಿಗೆ ನಿರ್ದೇಶಕರಾಗಿ ಬಂದವರು ಸರ್ ಸಿ.ವಿ. ರಾಮನ್. ಮೂರು ವರ್ಷದ ಹಿಂದಷ್ಟೇ, 1930ರಲ್ಲಿ, ಅವರಿಗೆ ನೊಬೆಲ್ ಬಂದಿತ್ತು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ ಅವರೇ.

ಕಮಲಾ: ‘ಯಾಕೆ ಇಲ್ಲ, ಹೇಳಿ’

ಅದೇ 1933ರಲ್ಲಿ ಬಾಂಬೆಯ ಕಮಲಾ ಭಾಗವತ್ ಬಿ.ಎಸ್ಸಿ. ಮುಗಿಸಿದರು. ರಸಾಯನಶಾಸ್ತ್ರ, ಭೌತಶಾಸ್ತ್ರ ಓದಿ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಮೊದಲಿಗರಾಗಿದ್ದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಓದಿದವರು. ಹಾಗಾಗಿ ಅರ್ಜಿ ಹಾಕಿದರೆ ಸೀಟು ಸಿಕ್ಕಂತೆಯೇ ಎಂದು ಮನೆಯವರ ಲೆಕ್ಕ.

ಬಂದ ಉತ್ತರ ‘ಇಲ್ಲ’. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲು ನಿರ್ದೇಶಕರು ಸಿದ್ಧರಿರಲಿಲ್ಲ. ಅಪ್ಪ, ಚಿಕ್ಕಪ್ಪ ಕೇಳಿಕೊಂಡರೂ ರಾಮನ್ ಬಗ್ಗಲಿಲ್ಲ.

ಕಮಲಾ ಬೆಂಗಳೂರಿಗೆ ಬಂದರು. ನೇರ ಹೋಗಿ ತನಗೆ ಯಾಕೆ ಸೀಟಿಲ್ಲ ಎಂದು ರಾಮನ್ ಅವರನ್ನೇ ಕೇಳಿದರು. ಗಾಂಧೀಜಿಯವರ ದಾರಿಯಲ್ಲಿ ನಂಬಿಕೆ ಇದ್ದ ಅವರು ಅಲ್ಲಿ ಸತ್ಯಾಗ್ರಹವನ್ನೇ ಹೂಡಿದರು ಎಂಬ ಮಾತೂ ಇದೆ. ಕೊನೆಗೆ ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಮೊದಲ ವರ್ಷ ಕಾಯಂ ವಿದ್ಯಾರ್ಥಿನಿ ಎಂದು ಲೆಕ್ಕಕ್ಕಿಲ್ಲ. ಮಾರ್ಗದರ್ಶಕರು ಹೇಳಿದರೆ ತಡರಾತ್ರಿವರೆಗೂ ಕೆಲಸ ಮಾಡಬೇಕು. ಕೆಲಸ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಮಾನ್ಯತೆ. ಲ್ಯಾಬಿನಲ್ಲಿ ಗಂಡಸರ ಗಮನ ಕೆಡಿಸಬಾರದು!

ಕಮಲಾ ಹಲ್ಲು ಕಚ್ಚಿ ಒಪ್ಪಿಕೊಂಡರು. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿದರು. ವರ್ಷದ ಕೊನೆಗೆ ರಾಮನ್ ಅವರಿಗೆ ಕೆಲಸ ಮೆಚ್ಚುಗೆಯಾಯಿತು. ಕಮಲಾ ಕಾಯಂ ಆದರು. ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಜಾಗ ಸಿಕ್ಕಿತು.

1936ರಲ್ಲಿ ಬಾಂಬೆ ವಿಶ್ವವಿದ್ಯಾಲಯಕ್ಕೆ ಎಂ.ಎಸ್ಸಿ. ಪ್ರಬಂಧ ಕೊಟ್ಟರು. ಅಲ್ಲಿಂದ ಇಂಗ್ಲೆಂಡಿನ ಕೇಂಬ್ರಿಡ್ಜ್. 1939ರಲ್ಲಿ ಪಿಎಚ್‌ಡಿ. ಆ ಪ್ರಬಂಧ ನಲವತ್ತೇ ಪುಟ. ಮದುವೆಯಾದ ಮೇಲೆ ಕಮಲಾ ಸೋಹೋನಿ ಎಂದು ಹೆಸರಾದರು. ಬಾಂಬೆಯಲ್ಲಿ ಪ್ರಾಧ್ಯಾಪಕಿಯಾಗಿ, ನಮ್ಮ ಊರುಗಳಿಗೆ ಗೊತ್ತಿರುವ ನೀರಾದಲ್ಲಿ ಎಂಥ ಪೋಷಕಾಂಶ ಇದೆ ಎಂದು ಸಂಶೋಧನೆ ಮಾಡಿದರು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು.

ಹಾಗಂತ ಆ ಷರತ್ತುಗಳನ್ನು ಅವರು ಮರೆತಿರಲಿಲ್ಲ. ಅಂದು ತಮ್ಮನ್ನು ನಡೆಸಿಕೊಂಡ ರೀತಿ ಅವಮಾನವೇ ಆಗಿತ್ತು ಎಂದು ವಯಸ್ಸಾದ ಮೇಲೂ ತುಂಬಿದ ಸಭೆಯಲ್ಲಿ ಹೇಳಿದ್ದರು.

ಅನ್ನಾ ಮಣಿ: ಕೆಲಸ ಆಯಿತು, ಪದವಿ ಬರಲಿಲ್ಲ

ಎರಡನೆಯವರು ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿ. ಎಂಟನೇ ಹುಟ್ಟುಹಬ್ಬಕ್ಕೆ ವಜ್ರದ ಓಲೆ ಕೊಡಲು ಬಂದರೆ ಬೇಡ ಎಂದು ವಿಶ್ವಕೋಶದ ಪುಸ್ತಕ ಕೇಳಿ ಪಡೆದವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿಗೆ ಬಂದರು. ಈ ಬಾರಿ ರಾಮನ್ ತಮ್ಮ ಲ್ಯಾಬಿಗೇ ಸೇರಿಸಿಕೊಂಡರು.

ವಜ್ರದ ಓಲೆ ಬೇಡ ಎಂದವರಿಗೆ ಸಿಕ್ಕಿದ್ದು ವಜ್ರದ ಮೇಲಿನ ಕೆಲಸವೇ. ವಜ್ರ, ಮಾಣಿಕ್ಯಗಳಿಗೆ ಬೆಳಕು ಹಾಯಿಸಿ ಅದರ ಗುಣ ಅಳೆಯುವುದು. ಒಂದೊಂದು ಫೋಟೋ ಪ್ಲೇಟಿಗೆ 15ರಿಂದ 20 ಗಂಟೆ ಬೆಳಕು ಬೀಳಬೇಕಿತ್ತು, ಹಾಗಾಗಿ ಎಷ್ಟೋ ರಾತ್ರಿ ಲ್ಯಾಬಿನಲ್ಲೇ ಮಲಗಿದರು. 1942ರಿಂದ 1945ರೊಳಗೆ ತಮ್ಮೊಬ್ಬರ ಹೆಸರಿನಲ್ಲೇ ಐದು ಸಂಶೋಧನಾ ಲೇಖನ ಪ್ರಕಟಿಸಿದರು.

1945ರ ಆಗಸ್ಟ್‌ನಲ್ಲಿ ಪಿಎಚ್‌ಡಿ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಆಗ ನಿಯಮ ಅಡ್ಡ ಬಂತು: ಅವರ ಹತ್ತಿರ ಎಂ.ಎಸ್ಸಿ. ಪದವಿ ಇಲ್ಲ, ಆದ್ದರಿಂದ ಪಿಎಚ್‌ಡಿ ಇಲ್ಲ. ಐದು ವರ್ಷದ ಕೆಲಸ ಎದುರಿಗಿದ್ದರೂ ಆ ಒಂದು ಕಾಗದ ಇಲ್ಲ ಎಂಬುದೇ ದೊಡ್ಡದಾಯಿತು. ಆ ಪ್ರಬಂಧ ಬೇರೆಯವರ ಪ್ರಬಂಧಗಳ ಹಾಗೆಯೇ ಬೈಂಡ್ ಆಗಿ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಸೇರಿತು. ಅನ್ನಾ ಅವರಿಗೆ ಪಿಎಚ್‌ಡಿ ಕೊನೆಗೂ ಬರಲಿಲ್ಲ.

ಅದೇ ವರ್ಷ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋದರು. ಸಿಕ್ಕ ಅವಕಾಶ ಹವಾಮಾನ ಅಳೆಯುವ ಉಪಕರಣಗಳ ಕಲಿಕೆಯದು. ಅದನ್ನೇ ಹಿಡಿದರು. 1948ರಲ್ಲಿ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲೇ ಮಾಡಲು ಸುಮಾರು ನೂರು ಉಪಕರಣಗಳ ನಕ್ಷೆ ಸಿದ್ಧಪಡಿಸಿದರು. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಆಮೇಲೂ ದೇಶದ ಯಾವ ಜಾಗದಲ್ಲಿ ಎಷ್ಟು ಗಾಳಿ ಬೀಸುತ್ತದೆ ಎಂದು ಅಳೆಸಿದರು. ಚಿತ್ರದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ಕಂಡಾಗ ನಮಗೆ ಅವರ ನೆನಪಾಗುತ್ತದೆ. ಗಾಳಿಯ ಲೆಕ್ಕ ಇಲ್ಲದೆ ಅಂಥ ಯಂತ್ರ ನಿಲ್ಲಿಸಲಾಗುವುದಿಲ್ಲ.

ರಾಜೇಶ್ವರಿ: ಪಕ್ಕದ ಬಾಗಿಲು

ಮೂರನೆಯವರು ನಮ್ಮವರೇ, 1922ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ರಾಜೇಶ್ವರಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್ಸಿ. ಮಾಡಿ ಮೊದಲ ರ‍್ಯಾಂಕ್ ಪಡೆದರು. ರಾಮನ್ ಅವರ ಹತ್ತಿರ ಸಂಶೋಧನೆ ಮಾಡಬೇಕೆಂದು ಕೇಳಿದರು. ಭೌತಶಾಸ್ತ್ರದ ಪದವಿ ಇಲ್ಲ ಎಂಬ ಕಾರಣ ಕೊಟ್ಟು ರಾಮನ್ ಒಪ್ಪಲಿಲ್ಲ.

ಅದೇ ಆವರಣದಲ್ಲಿ ವಿದ್ಯುತ್ ತಂತ್ರಜ್ಞಾನ ವಿಭಾಗ ಇತ್ತು. ರಾಜೇಶ್ವರಿ 1943ರಲ್ಲಿ ಅಲ್ಲಿ ಸೇರಿದರು. ಆಮೇಲೆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಪಿಎಚ್‌ಡಿ ಮುಗಿಸಿ ಬಂದು, ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಪಾಠ ಮಾಡತೊಡಗಿದರು. ಮದುವೆಯಾಗಿ ರಾಜೇಶ್ವರಿ ಚಟರ್ಜಿ ಆದರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ವಿಷಯ. ನಿಮ್ಮೂರಿನ ಮೊಬೈಲ್ ಟವರ್ ಮೇಲೆ ಡೋಲಿನ ಹಾಗೆ ದುಂಡಗಿರುವ ಆಂಟೆನಾಗಳನ್ನು ನೋಡಿರುತ್ತೀರಿ. ಅವು ಒಂದಕ್ಕೊಂದು ಮಾತಾಡುವುದು ಮೈಕ್ರೋವೇವ್‌ನಲ್ಲೇ. ರಾಜೇಶ್ವರಿ ಅವರ ಕೈಕೆಳಗೆ ಪಿಎಚ್‌ಡಿ ಮಾಡಿದವರೇ ಇಪ್ಪತ್ತು ಜನ.

ಮೂರು ‘ಇಲ್ಲ’, ಮೂರು ಕಾರಣ

ಮೂವರಿಗೂ ಸಿಕ್ಕ ಉತ್ತರ ಒಂದೇ ಥರ ಕಂಡರೂ ಹಿಂದಿನ ಕಾರಣ ಬೇರೆ ಬೇರೆ. ಕಮಲಾ ಅವರಿಗೆ ಅಡ್ಡ ಬಂದದ್ದು ಒಬ್ಬ ಮನುಷ್ಯನ ಮನಸ್ಸು. ಮನಸ್ಸು ಬದಲಾಗಬಹುದು, ಬದಲಾಯಿತು. ಅನ್ನಾ ಅವರಿಗೆ ಅಡ್ಡ ಬಂದದ್ದು ನಿಯಮ. ಅದು ಬದಲಾಗಲಿಲ್ಲ, ಅವರು ಪದವಿಯ ಆಸೆ ಬಿಟ್ಟು ಕೆಲಸ ಹಿಡಿದರು. ರಾಜೇಶ್ವರಿ ಅವರಿಗೆ ಅಡ್ಡ ಬಂದದ್ದು ಓದಿದ ವಿಷಯ ಎಂದು ಹೇಳಲಾಯಿತು. ಅವರು ವಿಭಾಗ ಬದಲಿಸಿದರು.

ಮುಂದೇನು ಮಾಡಬೇಕು ಅನ್ನುವುದು ‘ಇಲ್ಲ’ ಯಾವ ಜಾತಿಯದು ಎಂದು ತಿಳಿದ ಮೇಲೆಯೇ ಗೊತ್ತಾಗುವುದು. ನಾವು ಅದನ್ನು ತಿಳಿದುಕೊಳ್ಳದೆ ಕೆಟ್ಟವರು. ಹತ್ತು ವರ್ಷದ ಹಿಂದೆ ಪತ್ರಿಕೋದ್ಯಮ ಎಂ.ಎ.ಗೆ ಅರ್ಜಿ ಹಾಕಿದ್ದೆವು. ಪಟ್ಟಿಯಲ್ಲಿ ಹೆಸರಿರಲಿಲ್ಲ. ನಾವು ಅಷ್ಟಕ್ಕೇ ಲಾಯಕ್ಕು ಎಂದುಕೊಂಡು ಡಿಪ್ಲೊಮಾ ಸೇರಿದೆವು. ಎಷ್ಟೋ ದಿನದ ಮೇಲೆ ಹಳೆಯ ಅರ್ಜಿಯ ಪ್ರತಿ ತೆಗೆದು ನೋಡಿದರೆ, ನಾವೇ ಸ್ಕ್ಯಾನ್ ಮಾಡಿಸಿ ಕೊಟ್ಟಿದ್ದ ಅಂಕಪಟ್ಟಿಯಲ್ಲಿ ಕೆಳಗಿನ ಅರ್ಧ ಹೋಗಿತ್ತು! ಅದೇ ಕಾರಣವೋ ಏನೋ. ಅವತ್ತೇ ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಈ ಮೂವರೂ ಓದು ಬಲ್ಲ ಮನೆಯಿಂದ ಬಂದವರು. ಮನೆಯಲ್ಲಿ ಪುಸ್ತಕ ಇತ್ತು, ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಎಲ್ಲಿದೆ ಎಂದು ಹೇಳುವವರಿದ್ದರು. ಸೈಬರ್ ಅಂಗಡಿಯ ಮುಂದೆ ನಿಂತ ನಮ್ಮ ಹುಡುಗಿಯ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಪಟ್ಟಿ ಬಿಟ್ಟ ಸಂಜೆಯೇ ಅವಳ ಮದುವೆ ಮಾತು ಶುರುವಾದರೆ, ಕಾರಣ ಕೇಳಲೂ ಸಮಯ ಇರುವುದಿಲ್ಲ.

ಆದ್ದರಿಂದ ಅಪ್ಪಂದಿರಲ್ಲಿ, ಅಮ್ಮಂದಿರಲ್ಲಿ ನಮ್ಮದೊಂದು ಕೋರಿಕೆ. ಪಟ್ಟಿಯಲ್ಲಿ ಮಗಳ ಹೆಸರು ಇಲ್ಲದಿದ್ದರೆ ಒಂದು ವರ್ಷ ಕೊಡಿ. ಕಮಲಾ ಅವರಿಗೆ ತಮ್ಮನ್ನು ತೋರಿಸಿಕೊಳ್ಳಲು ಬೇಕಾಗಿದ್ದೂ ಒಂದೇ ವರ್ಷ. ಮಕ್ಕಳೇ, ನೀವು ಮಾಡಬೇಕಾದದ್ದು ಇಷ್ಟು: ಅರ್ಜಿಯ ಪ್ರಿಂಟ್ ಇಟ್ಟುಕೊಳ್ಳಿ. ವಿಭಾಗಕ್ಕೆ ಹೋಗಿ ಅಥವಾ ಪತ್ರ ಬರೆದು ಕಾರಣ ಕೇಳಿ. ಅಂಕ ಸಾಲದೇ, ಕಾಗದ ಸಾಲದೇ, ಮುಂದಿನ ಸುತ್ತಿನಲ್ಲಿ ಸೀಟು ಉಳಿಯಬಹುದೇ, ಪಕ್ಕದ ವಿಷಯಕ್ಕೆ ಅವಕಾಶ ಇದೆಯೇ? ಕೇಳಿದರೆ ಕಳೆದುಕೊಳ್ಳುವುದು ಬಸ್ ಚಾರ್ಜು ಮಾತ್ರ.

ಮರುದಿನ ಆ ಹುಡುಗಿಗೆ ಫೋನ್ ಮಾಡಿ ಈ ಮೂವರ ಕಥೆ ಹೇಳಿದೆವು. ಎಲ್ಲ ಕೇಳಿ, ‘ಆ ಪತ್ರ ಕನ್ನಡದಲ್ಲಿ ಬರೆದ್ರೆ ನಡೆಯುತ್ತಾ ಅಣ್ಣಾ?’ ಅಂದಳು. ನಡೆಯುತ್ತೆ ಅಂದೆವು. ಸೋಮವಾರ ಅವಳ ಅಪ್ಪನೂ ಜೊತೆಗೆ ಬರುತ್ತಾರಂತೆ.